ಪ್ರತಿಜ್ಞೆ ಮುರಿದವನಿಗೂ ಮಠದ ಬಾಗಿಲು ತೆರೆದಿರಲಿ

ಆಗಸ್ಟ್ 1 ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳ ಜನ್ಮದಿನ. ನಾಡು ಅದನ್ನು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. 1975ರಿಂದ ಪೂಜ್ಯರು ಜೋಳಿಗೆ ಹಿಡಿದು ಬೇಡಿದ್ದು ಕಾಳುಕಡಿಯನ್ನಲ್ಲ, ಜನರ ದುಶ್ಚಟಗಳನ್ನು. ಅವರನ್ನು ನೆನೆದು ನಾವೂ ಹುಡುಗರಿಂದ ಪ್ರತಿಜ್ಞೆ ಮಾಡಿಸುತ್ತೇವೆ, ಫೋಟೊ ತೆಗೆಸಿಕೊಳ್ಳುತ್ತೇವೆ. ಆಗಸ್ಟ್ 2ರಂದು ಆ ಹುಡುಗ ಎಲ್ಲಿದ್ದಾನೆಂದು ಕೇಳುವವರು ಯಾರು?

ಹೆಂಡ, ಬೀಡಿ, ಗುಟ್ಕಾ ನಿಧಾನವಾಗಿ ಕೊಲ್ಲುತ್ತವೆ. ಎಡವಿದವನಿಗೆ ಮತ್ತೆ ಏಳಲು ಕಾಲಾವಕಾಶ ಇರುತ್ತದೆ. ಅಫೀಮಿನ ಜಾತಿಯ ಪುಡಿ, ನೋವಿನ ಮಾತ್ರೆಯನ್ನು ಅರೆದು ಚುಚ್ಚಿಕೊಳ್ಳುವ ಚಟ ಹಾಗಲ್ಲ. ಅದರಲ್ಲೂ ಸಾವಿಗೆ ಬಲು ಹತ್ತಿರ ಇರುವವನು ಚಟ ಬಿಟ್ಟು ಮತ್ತೆ ಹಿಡಿದವನು. ದಿನವೂ ತೆಗೆದುಕೊಳ್ಳುವ ದೇಹ ಹೆಚ್ಚು ಪ್ರಮಾಣಕ್ಕೆ ಒಗ್ಗಿರುತ್ತದೆ. ಕೆಲವು ವಾರ ಬಿಟ್ಟರೆ ಆ ಒಗ್ಗುವಿಕೆ ಹೋಗುತ್ತದೆ. ಚಿಕಿತ್ಸಾ ಕೇಂದ್ರದಿಂದಲೋ ಜೈಲಿನಿಂದಲೋ ಹೊರಬಂದವನು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಗುರುಗಳೆದುರು ಮಾತು ಕೊಟ್ಟು ತಪ್ಪಿದವನು ನಾಚಿಕೆಯಿಂದ ಬಾಗಿಲು ಹಾಕಿಕೊಂಡು ಒಬ್ಬನೇ ತೆಗೆದುಕೊಳ್ಳುತ್ತಾನೆ. ಎಬ್ಬಿಸುವವರು ಪಕ್ಕದಲ್ಲಿರುವುದಿಲ್ಲ. ನಮ್ಮ ಪ್ರತಿಜ್ಞೆಯೇ ಅವನನ್ನು ಒಂಟಿ ಮಾಡಿತೇ ಎಂದು ಮಠಗಳು ಯೋಚಿಸಬೇಕು.

ಸತ್ತ ಮೇಲೂ ಆ ಸಾವು ಅಡಗಿಯೇ ಇರುತ್ತದೆ. 'ಹಾರ್ಟ್ ಅಟ್ಯಾಕ್ ಅಂತೆ' ಎಂದು ಊರು ಹೇಳುತ್ತದೆ, ಸಂಜೆಯೊಳಗೆ ಮಣ್ಣು ಮಾಡುತ್ತೇವೆ. ಪೊಲೀಸರಿಗೆ ತಿಳಿದರೆ ಅಸಹಜ ಸಾವೆಂದು ದಾಖಲಾಗುತ್ತದೆ, ಪ್ರಯೋಗಾಲಯದ ವರದಿ ಬರುವಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊದ ಪ್ರಕಾರ 2022ರಲ್ಲಿ ಮಾದಕ ವಸ್ತುವಿನ ಅತಿಸೇವನೆಯಿಂದ ಇಡೀ ಭಾರತದಲ್ಲಿ ಸತ್ತವರು 681 ಮಂದಿ. ಅದೇ ವರ್ಷ ನಮ್ಮ ಕಾಲುಭಾಗ ಜನರಿರುವ ಅಮೆರಿಕದಲ್ಲಿ ಸತ್ತವರು ಒಂದು ಲಕ್ಷಕ್ಕೂ ಹೆಚ್ಚು. ಅಲ್ಲಿ ಫೆಂಟನಿಲ್ ಎಂಬ ಘೋರ ವಿಷ ಹರಡಿದೆ, ನಿಜ. ಆದರೂ ನಮ್ಮ ಸಂಖ್ಯೆ ನಮ್ಮ ಆರೋಗ್ಯವನ್ನು ತೋರಿಸುವುದಕ್ಕಿಂತ ನಮ್ಮ ಎಣಿಕೆಯ ಬಡತನವನ್ನೇ ಹೆಚ್ಚು ತೋರಿಸುತ್ತದೆ. ರಾಜ್ಯದಲ್ಲಿ ಇಂಥ ಸಾವು ಏರುತ್ತಿದೆಯೋ ಇಳಿಯುತ್ತಿದೆಯೋ ಎಂದು ಹೇಳಬೇಕಾದರೆ ಮೊದಲು ಎಣಿಸಬೇಕಲ್ಲವೇ?

ರಾಮನಗರ, ಚನ್ನಪಟ್ಟಣಗಳು ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿವೆ. ಕನಕಪುರ, ಮಾಗಡಿಯ ಹುಡುಗರು ಓದಿಗೂ ದುಡಿಮೆಗೂ ರಾಜಧಾನಿಗೆ ಹೋಗಿಬರುತ್ತಾರೆ. ಬೆಂಗಳೂರಿನಲ್ಲಿ ಸಿಗುವುದು ಇಲ್ಲಿಗೆ ಬರಲು ಎಷ್ಟು ಹೊತ್ತು ಬೇಕು? 'ಅದು ಪೇಟೆಯವರ ರೋಗ' ಎನ್ನುವ ಹಿರಿಯರು ಇದನ್ನು ಗಮನಿಸಲಿ.

ಶಿವಗಣಾರಾಧನೆಗೆ ಹೋಗುವ ಸ್ವಾಮಿಗಳ ಮಾತನ್ನು ಮನೆಯವರು ಕೇಳುತ್ತಾರೆ. ಸಾವಿನ ಕಾರಣ ಮುಚ್ಚಿಡಬೇಡಿ, ಅದರಿಂದ ಮನೆತನಕ್ಕೆ ಕಳಂಕವಿಲ್ಲ ಎಂದು ಅವರೇ ಹೇಳಬೇಕು. ಪ್ರತಿಜ್ಞೆ ಮಾಡಿಸುವ ದಿನವೇ 'ತಪ್ಪಿದರೆ ಮೊದಲು ಇಲ್ಲಿಗೆ ಬಾರಪ್ಪ' ಎಂದೂ ಹೇಳಬೇಕು. ತಾನಾಗಿ ಚಿಕಿತ್ಸೆಗೆ ಬಂದ ವ್ಯಸನಿಗೆ 1985ರ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಮು ರಕ್ಷಣೆ ಕೊಡುತ್ತದೆ. ಇದು ಗೊತ್ತಿಲ್ಲದೆ ಎಷ್ಟೋ ತಂದೆತಾಯಿ ಪೊಲೀಸರ ಭಯದಿಂದ ಮಗನನ್ನು ಅಡಗಿಸುತ್ತಾರೆ. ಸಲಹೆಗೆ 14446 ಉಚಿತ ಸಹಾಯವಾಣಿ ಇದೆ.

ಎಬ್ಬಿಸಿದರೂ ಏಳದೆ, ಗೊರಗೊರ ಸದ್ದಿನೊಂದಿಗೆ ಉಸಿರು ತಡೆತಡೆದು ಬಂದು ತುಟಿ ನೀಲಿಗಟ್ಟಿದ್ದರೆ ಅದು ನಿದ್ದೆಯಲ್ಲ. ಪಕ್ಕಕ್ಕೆ ಮಲಗಿಸಿ 108ಕ್ಕೆ ಕರೆ ಮಾಡಿ. ವೈದ್ಯರಿಗೆ ಏನು ತೆಗೆದುಕೊಂಡನೆಂದು ನಿಜ ಹೇಳಿ. ಅಫೀಮಿನ ಜಾತಿಯದಾದರೆ ನಲೋಕ್ಸೋನ್ ಚುಚ್ಚುಮದ್ದು ಉಸಿರನ್ನು ಮರಳಿಸಬಲ್ಲದು. ದಾಸೋಹದ ಮನೆಯ ಗೋಡೆಯ ಮೇಲೆ ಇಷ್ಟನ್ನು ಬರೆಸಲು ಒಂದು ಡಬ್ಬಿ ಬಣ್ಣ ಸಾಕು.