ದೋಣಿಯಲ್ಲಿ ಓಟು ಹಾಕುವಂತಿಲ್ಲ

ಮೊನ್ನೆ ಭಾನುವಾರ ಮೆಹದಿಪಟ್ಟಣಂ ರೈತು ಬಜಾರಿನ ಹತ್ತಿರ ಗೆಳೆಯರೆಲ್ಲ ಇರಾನಿ ಚಹಾ ಕುಡೀತಾ ಕೂತಿದ್ದೆವು. ಮಾತು ಮತ್ತೆ ಕಡಲಿನ ಕಡೆ ಹೊರಳಿತು. "ಈ ದೀಪಾವಳಿಗೆ ಇನ್ನೊಮ್ಮೆ ಹೋಗೋಣ ಮಾರಾಯ. ಈ ಸಲ ಸ್ವಲ್ಪ ಧೈರ್ಯ ಇರೋ ದೋಣಿಯವನನ್ನ ಹುಡುಕೋಣ" ಅಂದ ಒಬ್ಬ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಅದು 2019ರ ಅಕ್ಟೋಬರ್, ದೀಪಾವಳಿಗೆ ನಾಲ್ಕು ದಿನ ಮುಂಚೆ. ನಾವು ಐದು ಜನ. ಗೆಳೆಯನ ಚಿಕ್ಕಪ್ಪನ ನಾಡದೋಣಿಯಲ್ಲಿ ಮಲ್ಪೆಯಿಂದ ದಡದ ಗುಂಟ ಬಡಗು ಮುಖವಾಗಿ ಕೋಡಿಬೆಂಗ್ರೆವರೆಗೆ ಹೋಗೋದು, ಅದೂ ಹಾಯಿ ಕಟ್ಟಿ! ಈಗ ಅಲ್ಲೆಲ್ಲ ಸೀಮೆಎಣ್ಣೆಯ ಔಟ್‌ಬೋರ್ಡ್ ಎಂಜಿನ್ನುಗಳೇ. ನಮ್ಮ ಹುಚ್ಚಿಗೆಂದೇ ಅವರು ಅಟ್ಟದ ಮೇಲಿದ್ದ ಹಳೇ ಹಾಯಿ ಇಳಿಸಿದ್ದರು.

ಬೆಳಗ್ಗೆ ದಡದಿಂದ ಕಡಲಿಗೆ ಬೀಸುವ ಗಾಳಿ ಹಿತವಾಗಿತ್ತು. ಎಡಕ್ಕೆ ದೂರದಲ್ಲಿ ಸೇಂಟ್ ಮೇರೀಸ್ ದ್ವೀಪ, ಬಲಕ್ಕೆ ತೆಂಗಿನ ಸಾಲು. ಎಂಜಿನ್ನಿನ ಸದ್ದಿಲ್ಲದೆ ದೋಣಿ ಹೋಗುವಾಗ ನೀರು ಹಲಗೆಗೆ ತಾಗುವ ಸದ್ದು ಕೇಳಬೇಕು ನೀವು. ಅರ್ಧ ದಾರಿ ಹೋಗಿರಬೇಕು, ಗಾಳಿ ಒಮ್ಮೆಲೇ ನಿಂತಿತು. ಹಾಯಿ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ತಲೆ ಮೇಲೆ ಬಿಸಿಲೇ ಇತ್ತು, ಆದರೆ ದೋಣಿಯ ಕೆಳಗೆ ಉದ್ದುದ್ದ ಅಲೆಗಳು ನಿಧಾನಕ್ಕೆ ಏಳತೊಡಗಿದವು. ಚಿಕ್ಕಪ್ಪ ಮಾತಾಡದೆ ಹಾಯಿ ಇಳಿಸಿ ಎಂಜಿನ್ ಹಚ್ಚಿ ದೋಣಿ ತಿರುಗಿಸಿದರು.

ಶುರುವಾಯಿತು ನೋಡಿ ನಮ್ಮ ವಾದ. ಅರ್ಧ ಬಂದಾಗಿದೆ, ಮುಂದಕ್ಕೂ ಹಿಂದಕ್ಕೂ ದೂರ ಒಂದೇ, ಮತ್ತೇಕೆ ವಾಪಸ್? ಎಲ್ಲರಿಗಿಂತ ಜೋರು ನಾನೇ. ಮೊಬೈಲ್ ತೋರಿಸಿ, "ಚಿಕ್ಕಪ್ಪ, ಮಳೆ ಸಂಜೆಗೆ ಅಂತಿದೆ ನೋಡಿ" ಅಂದೆ. ಅವರು ನೋಡಲಿಲ್ಲ. "ನೀರ್ ಸಮ ಇಲ್ಲೆ ಮಗಾ. ಹಿಂದೆ ಹ್ವಾಪ" ಅಂದರು, ಅಷ್ಟೇ.

ದೂರ ಒಂದೇ ನಿಜ, ಸೇರುವ ಜಾಗ ಒಂದೇ ಅಲ್ಲ. ಮಲ್ಪೆ ಬಂದರಿನ ಬಾಯಿಗೆ ಕಲ್ಲಿನ ತಡೆಗೋಡೆ ಇದೆ. ಕೋಡಿಬೆಂಗ್ರೆಯಲ್ಲಿ ದಾಟಬೇಕಾದ್ದು ಅಳಿವೆ. ಸ್ವರ್ಣಾ, ಸೀತಾ ನದಿಗಳು ಸಮುದ್ರ ಸೇರುವ ಜಾಗ ಅದು. ಹೊಳೆ ಹೊರಕ್ಕೆ ನುಗ್ಗುತ್ತೆ, ಅಲೆ ಒಳಕ್ಕೆ ನುಗ್ಗುತ್ತೆ, ನಡುವೆ ಮರಳದಿಬ್ಬ. ನಡುಕಡಲಲ್ಲಿ ಸುಮ್ಮನೆ ತೂಗುವ ಅಲೆ ಅಲ್ಲಿ ಮುರಿದು ಬೀಳುತ್ತೆ. ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ದಡಕ್ಕೆ ಬಂದ ಮೇಲೆ ಚಿಕ್ಕಪ್ಪ ನಾವು ಕೊಟ್ಟಿದ್ದ ದುಡ್ಡಿನಲ್ಲಿ ಅರ್ಧ ಎಣಿಸಿ ವಾಪಸ್ ಕೊಟ್ಟರು. ನಾವು ತಗೊಂಡೆವು. ಹೌದು, ತಗೊಂಡೆವು.

ಮಾರನೇ ದಿನ, 24ಕ್ಕೆ, ಅರಬ್ಬಿ ಸಮುದ್ರದಲ್ಲಿ ವಾಯುಭಾರ ಕುಸಿತ. 25ಕ್ಕೆ ಅದೇ ಕ್ಯಾರ್ ಚಂಡಮಾರುತ. 27ಕ್ಕೆ ಸೂಪರ್ ಸೈಕ್ಲೋನ್, 2007ರ ಗೋನು ನಂತರ ಅರಬ್ಬಿ ಸಮುದ್ರದಲ್ಲಿ ಮೊದಲನೆಯದು. ನಮ್ಮ ದಡಕ್ಕೆ ಅಪ್ಪಳಿಸದೆ ಒಮಾನ್ ಕಡೆ ಹೋಯಿತು, ಆದರೂ ಮೀನುಗಾರರು ದೋಣಿಗಳನ್ನು ಕಾರವಾರದ ಬಂದರಿಗೆ ತಂದು ಲಂಗರು ಹಾಕಿ ಕೂರಬೇಕಾಯಿತು.

ತಮಾಷೆ ಏನು ಗೊತ್ತೆ? ಆ ಕಡಲಿನ ಅಲೆ ಎಷ್ಟು ಎತ್ತರ ಏಳುತ್ತೆ ಅಂತ ಲೆಕ್ಕ ಹಾಕಿ ಮೀನುಗಾರರಿಗೆ ತಿಳಿಸುವ ಕೇಂದ್ರ ಇರುವುದು ಸಮುದ್ರವೇ ಇಲ್ಲದ ನಮ್ಮ ಹೈದರಾಬಾದಿನಲ್ಲಿ! ಪ್ರಗತಿನಗರದ ಇನ್‌ಕಾಯಿಸ್. ಸುನಾಮಿ ಎಚ್ಚರಿಕೆ ಕೊಡುವವರೂ ಅವರೇ. ನಾನು ಮೊಬೈಲಿನಲ್ಲಿ ನೋಡಿದ್ದು ಉಡುಪಿ ಊರಿನ ಮಳೆ. ಅಲೆಯ ಸುದ್ದಿ ಅದರಲ್ಲಿ ಇರಲೇ ಇಲ್ಲ. ದೂರದ ದಕ್ಷಿಣ ಹಿಂದೂ ಮಹಾಸಾಗರದಲ್ಲಿ ಎದ್ದ ಅಲೆ ಸಾವಿರಾರು ಮೈಲಿ ದಾಟಿ, ಇಲ್ಲಿ ಗಾಳಿಯೇ ಇಲ್ಲದಾಗ ದಡಕ್ಕೆ ನುಗ್ಗುವುದುಂಟು. ಕೇರಳದವರು ಅದನ್ನು 'ಕಳ್ಳಕ್ಕಡಲ್' ಅಂತಾರೆ. ಅಂಥದ್ದನ್ನು ಎಷ್ಟು ಅನುಭವವಿದ್ದರೂ ದಡದಲ್ಲಿ ನಿಂತು ಹೇಳುವುದು ಕಷ್ಟ. ಹಾಗಾಗಿ ಹೊರಡುವ ಮುಂಚೆ ಇನ್‌ಕಾಯಿಸ್ ಮಾತು ಕೇಳಬೇಕು. ಹೊರಟ ಮೇಲೆ ದೋಣಿಯವರ ಮಾತು. ಐದು ಜನ ಕೈ ಎತ್ತಿದರೂ ಅಲ್ಲಿ ಬಹುಮತಕ್ಕೆ ಬೆಲೆ ಇಲ್ಲ.

ಅದೇ ವರ್ಷ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡದ ಜಾತ್ರೆಗೆ ಹೋಗಿದ್ದವರ ದೋಣಿ ಮಗುಚಿ 16 ಜನ ಸತ್ತಿದ್ದರು. ಮಿತಿ ಮೀರಿ ಜನ ಹತ್ತಿದ್ದರು, ಲೈಫ್ ಜಾಕೆಟ್ ಹಾಕಿರಲಿಲ್ಲ. ಅಂಥ ಸುದ್ದಿ ಬಂದಾಗ ನಾವೆಲ್ಲ ದೋಣಿಯವರನ್ನು ಬಯ್ಯುತ್ತೇವೆ. ಸರಿಯೇ. ಆದರೆ 'ಆಗಲ್ಲ' ಅಂದವನಿಗೆ ಅರ್ಧ ಕೂಲಿ, 'ಆಗಲಿ' ಅಂದವನಿಗೆ ಪೂರ್ತಿ ಕೂಲಿ ಮೇಲೆ ಭಕ್ಷೀಸು ಅಂತ ನಾವೇ ನಿಯಮ ಮಾಡಿದರೆ, ಧೈರ್ಯ ಇರೋ ದೋಣಿಯವನು ಖಂಡಿತ ಸಿಗುತ್ತಾನೆ. ವಾಪಸ್ ಬಂದ ದಿನವೂ ಪೂರ್ತಿ ದುಡ್ಡು ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ. ಕರೆದುಕೊಂಡು ಹೋಗುವುದಕ್ಕೆ ಮಾತ್ರವಲ್ಲ, ತಿರುಗಿಸುವುದಕ್ಕೂ ಸೇರಿಸಿಯೇ ನಾವು ಅವರಿಗೆ ಕೂಲಿ ಕೊಡುವುದು.

ಇದನ್ನೇ ಭಾನುವಾರ ಹೇಳಿದೆ. "ಭಾಷಣ ಸಾಕು, ಚಹಾ ಆರ್ತಿದೆ" ಅಂದರು. ಇರಲಿ. ರಾತ್ರಿ ಗೆಳೆಯನಿಂದ ನಂಬರು ತಗೊಂಡು ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಆ ಅರ್ಧ ದುಡ್ಡಿನ ಮಾತು ಎತ್ತಿದರೆ ಅವರಿಗೆ ನೆನಪೇ ಇರಲಿಲ್ಲ. ದೀಪಾವಳಿಗೆ ಬರಬಹುದಾ ಅಂತ ಕೇಳಿದೆ. "ಬನ್ನಿ, ಕಡಲ್ ಕಂಡ್ ಹೇಳ್ತೆ" ಅಂದರು.