ಅಯ್ಯನ ಮನೆಯೂ ನಮ್ಮೂರ ಬಾನಾಮತಿಯೂ



2025ರಲ್ಲಿ ಬಸವ ಜಯಂತಿ ಏಪ್ರಿಲ್ 30ಕ್ಕೆ ಬಂದಿತ್ತು. ಅದಕ್ಕೆ ಐದು ದಿನ ಮೊದಲು, ಏಪ್ರಿಲ್ 25ರಂದು, ಜೀ5ರಲ್ಲಿ ‘ಅಯ್ಯನ ಮನೆ’ ಎಂಬ ಕನ್ನಡದ ಕಿರು ಧಾರಾವಾಹಿ ಶುರುವಾಯಿತು. ಖಟಕ ಚಿಂಚೋಳಿಯ ನಮ್ಮ ಮನೆಯಲ್ಲಿ ಜಯಂತಿಗೆ ವಚನ ಬಾಯಿಪಾಠ ಮಾಡಬೇಕಾದ ಮೊಮ್ಮಕ್ಕಳು ರಾತ್ರಿ ಮಾಳಿಗೆಯ ಮೇಲೆ ಹಾಸಿಗೆ ಹಾಸಿಕೊಂಡು, ಒಂದೇ ಮೊಬೈಲಿಗೆ ನಾಲ್ಕು ತಲೆ ಸೇರಿಸಿ ಅದನ್ನು ನೋಡುತ್ತಿದ್ದವು. ಬೈಯಲು ಹೋದ ನಾನೂ ಅಲ್ಲೇ ಕುಳಿತೆ. ಈವರೆಗೆ ಮೂರು ಕಂತು ನೋಡಿದ್ದೇನೆ. ಪೂರ್ತಿ ನೋಡದೆ ತೀರ್ಪು ಕೊಡುವುದು ನ್ಯಾಯವಲ್ಲ. ಆದರೆ ನೋಡಿದಷ್ಟೇ ನನ್ನ ನಿದ್ದೆ ಕೆಡಿಸಿದೆ, ಅದೂ ದೆವ್ವದ ಅಂಜಿಕೆಯಿಂದಲ್ಲ.

ಕಥೆ ಚಿಕ್ಕಮಗಳೂರ ಕಡೆಯದು. ಜಾಜಿ ಎಂಬ ಹುಡುಗಿ ದೊಡ್ಡ ಮನೆಗೆ ಸೊಸೆಯಾಗಿ ಬರುತ್ತಾಳೆ. ಆಕೆಗಿಂತ ಮೊದಲು ಬಂದ ಮೂವರು ಸೊಸೆಯಂದಿರು ಸತ್ತಿದ್ದಾರೆ. ಕಾರಣ ಮನೆದೇವರು ಕೊಂಡಯ್ಯನ ಶಾಪ ಎಂಬ ಮಾತು. ರಮೇಶ್ ಇಂದಿರಾ ನಿರ್ದೇಶನ, ಶ್ರುತಿ ನಾಯ್ಡು ನಿರ್ಮಾಣ. ‘ದಿಯಾ’ದ ಖುಷಿ ರವಿ ಜಾಜಿಯಾಗಿದ್ದಾರೆ, ‘ಕಾಂತಾರ’ದಲ್ಲಿ ತಾಯಿಯಾಗಿದ್ದ ಮಾನಸಿ ಸುಧೀರ್ ಇಲ್ಲಿಯೂ ಇದ್ದಾರೆ. ನಟನೆಯಲ್ಲಿ ಹುಳುಕು ಹುಡುಕಲು ನನಗೆ ಮನಸ್ಸಿಲ್ಲ. ವರ್ಷಗಟ್ಟಲೆ ಎಳೆಯುವ ಸಂಜೆಯ ಧಾರಾವಾಹಿಗಳ ನಡುವೆ ಕನ್ನಡದವರು ಚಿಕ್ಕದಾಗಿ, ಬಿಗಿಯಾಗಿ ಒಂದು ಕಥೆ ಹೇಳಲು ಹೊರಟಿದ್ದು ಸಂತೋಷದ ಸಂಗತಿಯೇ. ಹೆಸರು ಮಾತ್ರ ಕಿವಿಗೆ ಚುಚ್ಚಿತು. ನಮಗೆ ಅಯ್ಯ ಎಂದರೆ ಬಾಯಿತುಂಬ ಕರೆಯುವ ಗೌರವದ ಮಾತು. ಇಲ್ಲಿ ಅದೇ ಮಾತು ಕೇಳಿದರೆ ಮಕ್ಕಳು ಚಾದರದೊಳಗೆ ಮುಖ ಮುಚ್ಚಿಕೊಳ್ಳುತ್ತವೆ.

ಅಂಜಿಸುವ ಕಥೆ ಬೇಡವೇ ಬೇಡ ಎನ್ನುವವನು ನಾನಲ್ಲ. 2004ರಲ್ಲಿ ‘ಆಪ್ತಮಿತ್ರ’ ಬಂದಾಗ ನಾನೂ ನಾಗವಲ್ಲಿಗೆ ಬೆವತವನೇ. ಅಲ್ಲಿ ಕೊನೆಗೆ ಮನೋವೈದ್ಯನೊಬ್ಬ ಬಂದು ಇದು ಕಾಯಿಲೆ ಎಂದು ಹೇಳುತ್ತಾನೆ, ಜೊತೆಗೆ ಮಂತ್ರವಾದಿಗೂ ಒಂದು ಆಸನ ಹಾಕಿಕೊಡುತ್ತಾನೆ. ಈ ಎರಡು ದೋಣಿಯ ಮೇಲಿನ ಕಾಲು ನಮ್ಮ ಸಿನಿಮಾದವರದಷ್ಟೇ ಅಲ್ಲ, ನಮ್ಮ ಮನೆಗಳದೂ ಹೌದು. ಕೊರಳಲ್ಲಿ ಇಷ್ಟಲಿಂಗ, ತೋಳಿನಲ್ಲಿ ತಾಯತ.

ಬೀದರ, ಕಲಬುರಗಿ ಸೀಮೆಯವರಿಗೆ ಬಾನಾಮತಿ ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಮನೆಯ ಮೇಲೆ ಕಲ್ಲು ಬೀಳುವುದು, ಗಂಟಿನೊಳಗಿನ ಸೀರೆ ಸುಡುವುದು, ಹೆಣ್ಣುಮಕ್ಕಳು ನಾಯಿಯಂತೆ ಬೊಗಳುವುದು. ಮೈಮೇಲೆ ಬರುವುದರ ಹಿಂದೆ ಎಷ್ಟೋ ಸಲ ಬಾಯಿಬಿಟ್ಟು ಹೇಳಲಾಗದ ಸಂಕಟ ಇರುತ್ತದೆಂದು ನಿಮ್ಹಾನ್ಸಿನ ಮನೋವೈದ್ಯ ಡಾ. ಸಿ.ಆರ್. ಚಂದ್ರಶೇಖರ್ ಅಂಥವರು ಕನ್ನಡದಲ್ಲಿಯೇ ಬರೆದು ತಿಳಿಸಿದ್ದಾರೆ. ಓದಿದವರು ಓದಿದರು, ಓಣಿಗೆ ಅದು ಮುಟ್ಟಲಿಲ್ಲ.

ನನ್ನ ಓಣಿಯ ಮಾತನ್ನೇ ಹೇಳುತ್ತೇನೆ. 1980ರ ದಶಕ. ಔರಾದ ಕಡೆಯಿಂದ ಒಬ್ಬ ಹೆಣ್ಣುಮಗಳು ಸೊಸೆಯಾಗಿ ಬಂದಳು. ವರ್ಷ ತುಂಬುವುದರೊಳಗೆ ಆ ಮನೆಯ ಎಮ್ಮೆ ಸತ್ತಿತು, ಬಣವಿ ಸುಟ್ಟಿತು, ಮಾವನಿಗೆ ಲಕ್ವಾ ಹೊಡೆಯಿತು. ಆಕೆಯೂ ಆಗಾಗ ಬಿದ್ದು ಹಲ್ಲು ಕಚ್ಚುತ್ತಿದ್ದಳು. ಬಂದ ಸೊಸೆಯೇ ಬಾನಾಮತಿ ತಂದಳೆಂದು ಮಾತಾಯಿತು. ಗಡಿಯಾಚೆಯಿಂದ ಒಬ್ಬನನ್ನು ಕರೆಸಿದರು. ಮೂರು ರಾತ್ರಿ ಮೆಣಸಿನಕಾಯಿ ಹೊಗೆ, ಹುಣಸೆ ಬರಲು. ಆಗ ನನಗೆ ಇಪ್ಪತ್ತು ವರ್ಷ. ಹಣೆಯ ತುಂಬ ವಿಭೂತಿ, ಬಗಲಲ್ಲಿ ವಚನದ ಪುಸ್ತಕ. ಬೆಳಕು ಸಾಲದೆಂದು ಆ ರಾತ್ರಿ ಕಂದೀಲು ಹಿಡಿದು ಬಾಗಿಲಲ್ಲಿ ನಿಂತವನು ನಾನೇ. ನಾಲ್ಕನೆಯ ದಿನ ಆಕೆಯ ಅಪ್ಪ ಜೀಪು ಬಾಡಿಗೆ ಹಿಡಿದು ಬಂದು, ಯಾರ ಮಾತೂ ಕೇಳದೆ ಮಗಳನ್ನು ಬೀದರದ ದವಾಖಾನೆಗೆ ಒಯ್ದ. ಮೂರ್ಛೆರೋಗ ಎಂದರು, ದಿನಾ ಗುಳಿಗೆ ಕೊಟ್ಟರು. ಆಕೆ ಮರಳಿ ಗಂಡನ ಮನೆಗೆ ಬರಲಿಲ್ಲ. ಬಂದಿದ್ದರೆ ನಾನು ಯಾವ ಮುಖದಿಂದ ನೋಡುತ್ತಿದ್ದೆನೋ.

ಇವತ್ತಾದರೆ ಅದು ಅಪರಾಧ. ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆಯ ಕಾಯ್ದೆಯನ್ನು ನಮ್ಮ ರಾಜ್ಯ 2017ರಲ್ಲಿ ಮಾಡಿತು, 2020ರ ಜನವರಿಯಲ್ಲಿ ಅದು ಜಾರಿಗೆ ಬಂತು. ದೆವ್ವ ಬಿಡಿಸುತ್ತೇನೆಂದು ಹೊಡೆದರೆ ಜೈಲು. ಆದರೆ ‘ಇಕಿ ಕಾಲ್ಗುಣ ಚಲೋ ಇಲ್ಲ’ ಎಂದು ಪಿಸುಗುಡುವ ಬಾಯಿಗೆ ಯಾವ ಪೊಲೀಸ್ ಠಾಣೆ? ‘ಅಯ್ಯನ ಮನೆ’ಯಲ್ಲಿ ನನ್ನನ್ನು ಹಿಡಿದು ಕೂರಿಸಿದ್ದು ಆ ಪಿಸುಮಾತೇ. ಅಂಜಿಸುವ ಸಂಗೀತ ಬಂದಾಗಲೆಲ್ಲ ನಾವು ಮುಂದೆ ಸಾಯುವವರು ಯಾರು ಎಂದು ಕಾಯುತ್ತೇವೆ. ಹಿಂದೆ ಸತ್ತವರು ಹೇಗೆ ಸತ್ತರು ಎಂಬ ಪ್ರಶ್ನೆ ಹಿಂದೆ ಬೀಳುತ್ತದೆ. ಜಾಜಿ ಅದನ್ನು ಬಿಡದೆ ಕೇಳುವವಳಂತೆ ಕಾಣುತ್ತಾಳೆ. ಕಥೆ ಕೊನೆಗೆ ಕೊಂಡಯ್ಯನನ್ನು ಹಿಡಿಯುತ್ತದೋ, ಕೊಂಡಯ್ಯನ ಹೆಸರು ಹೇಳುವವರನ್ನು ಹಿಡಿಯುತ್ತದೋ, ಅದರ ಮೇಲೆ ನನ್ನ ಮುಂದಿನ ಮಾತು.

ಮೂರನೆಯ ಕಂತು ಮುಗಿದಾಗ ಸಣ್ಣವಳು ನನ್ನ ಮಗ್ಗುಲಿಗೆ ಸರಿದು, “ಮುತ್ಯಾ, ಕೊಂಡಯ್ಯ ಖರೇನೇ ಹಾನೇನು?” ಎಂದಳು. ಇಲ್ಲವ್ವ ಎಂದೆ. ದೊಡ್ಡವಳು ಅಷ್ಟಕ್ಕೇ ಬಿಡಲಿಲ್ಲ: “ಹಂಗಾದ್ರ ಆ ಮೂರು ಮಂದಿ ಸೊಸೆಂದ್ರ ಅವ್ವ ಅಪ್ಪ ಎಲ್ಲಿ ಹಾರ?”

ಮೊಬೈಲ್ ಆರಿಸಲು ಹೇಳಿದೆ. ಜೀಪು ತಂದ ಆ ಅಪ್ಪನ ಸಂಗತಿ ಹೇಳಿದೆ, ಕಂದೀಲಿನದೂ ಸೇರಿಸಿ.