ಕಂಬಳಿ ಹೊದ್ದ ಹಾಡು

ನಮ್ಮ ಮನೆಯಲ್ಲಿ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್ ಇದೆ. ಮಕ್ಕಳೇ, ನಿಮ್ಮಲ್ಲಿ ಬಹಳ ಮಂದಿ ಅದನ್ನು ನೋಡಿರಲಾರಿರಿ. ಅಜ್ಜ ಅಜ್ಜಿಯರನ್ನು ಕೇಳಿ, ಅವರ ಕಾಲದ ರೇಡಿಯೋದ ಹೊಟ್ಟೆಯೊಳಗೆ ಇದ್ದದ್ದೂ ಇವೇ ವಾಲ್ವುಗಳು. ಗಾಳಿ ತೆಗೆದ ಗಾಜಿನ ಬುರುಡೆ. ಸ್ವಿಚ್ ಹಾಕಿದರೆ ಒಳಗೆ ಕೆಂಡದ ಹಾಗೆ ಬೆಳಕು. ಸ್ವಲ್ಪ ಹೊತ್ತು ಕಾದ ಮೇಲೆ ಹಾಡು. 1906ರಲ್ಲಿ ಅಮೆರಿಕದ ಲೀ ಡಿ ಫಾರೆಸ್ಟ್ ಇಂಥ ಬುರುಡೆಗೆ ಮೂರನೆಯ ತಂತಿಯೊಂದನ್ನು ಸೇರಿಸಿದ ಮೇಲೆ, ಸಣ್ಣ ಸದ್ದನ್ನು ದೊಡ್ಡದು ಮಾಡುವ ದಾರಿ ತೆರೆಯಿತು.

ಕಳೆದ ಒಂದು ವರ್ಷದಿಂದ ನನ್ನ ಆಂಪ್ಲಿಫೈಯರಿನ ಹಾಡು ಮಂಕಾಗಿತ್ತು. ಹಾಡುವವರು ಕಂಬಳಿ ಹೊದ್ದು ಕೂತು ಹಾಡಿದಂತೆ. ಭಜನೆಯ ರೆಕಾರ್ಡ್ ಹಾಕಿದರೆ ತಾಳದ ಝಣತ್ಕಾರವೇ ಇಲ್ಲ. ವಾಲ್ವುಗಳಿಗೆ ವಯಸ್ಸಾಯಿತು ಎಂದು ತೀರ್ಮಾನಿಸಿ ಹೊಸದರ ಬೆಲೆ ಕೇಳಿದೆ. ಕೇಳಿ ಸುಮ್ಮನಾದೆ. ಅಷ್ಟರಲ್ಲಿ ದಸರಾ ರಜೆಗೆ ಮೊಮ್ಮಗಳು ಬಂದಳು. ಆರನೇ ಕ್ಲಾಸು.

"ತಾತ, ಮಂಕು ಎರಡೂ ಕಡೆಯೋ, ಒಂದೇ ಕಡೆಯೋ?" ಎಂದಳು.

ಇಷ್ಟು ದಿನ ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಬ್ಯಾಲೆನ್ಸ್ ಗುಂಡಿಯನ್ನು ಆ ಕಡೆ ಈ ಕಡೆ ತಿರುಗಿಸಿದೆವು. ನನಗೆ ಎರಡೂ ಮಂಕೇ. ಅವಳು ಮಾತ್ರ "ಎಡಗಡೆದು ಮಂಕು, ಬಲಗಡೆದು ಚೆನ್ನಾಗಿದೆ" ಎಂದಳು. ಮಗುವಿಗೇನು ಗೊತ್ತು ಅಂದುಕೊಂಡೆ. ಆದರೂ ಹುಡುಕಾಟ ಶುರುವಾಯಿತು.

ಮೊದಲು ಮುಳ್ಳು. ರೆಕಾರ್ಡಿನ ಗೆರೆಯಲ್ಲಿ ಓಡುವ ವಜ್ರದ ಮೊನೆಗೆ ಧೂಳಿನ ಉಂಡೆ ಸಿಕ್ಕಿಕೊಂಡರೆ ಸಣ್ಣ ದನಿಗಳೆಲ್ಲ ಮಾಯ. ಮೆತ್ತನೆಯ ಬ್ರಷ್ಷಿನಿಂದ ಹಿಂದಿನಿಂದ ಮುಂದಕ್ಕೆ, ಅದೊಂದೇ ದಿಕ್ಕಿಗೆ ಒರೆಸಬೇಕು. ಸಾಕಷ್ಟು ಧೂಳು ಬಂತು, ಎಡಗಡೆಯ ಮಂಕು ಹೋಗಲಿಲ್ಲ. ಆಮೇಲೆ ಆಂಪ್ಲಿಫೈಯರಿಗೆ ಹಾಡು ಒಯ್ಯುವ ಎರಡು ವಯರುಗಳನ್ನು ಅದಲುಬದಲು ಮಾಡಿದೆವು. ತಪ್ಪು ರೆಕಾರ್ಡ್ ಪ್ಲೇಯರಿನದಾಗಿದ್ದರೆ ಮಂಕು ಬಲಕ್ಕೆ ಜಿಗಿಯಬೇಕು. ಜಿಗಿಯಲಿಲ್ಲ.

ಮೂರನೆಯದು ಸ್ಪೀಕರ್ ವಯರು. ಇಲ್ಲಿ ಎಚ್ಚರ ಬೇಕು. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ವಾಲ್ವುಗಳು ತಣ್ಣಗಾದ ಮೇಲೆಯೇ ಕೈ ಹಾಕಿದೆವು. ಸ್ಪೀಕರ್ ಜೋಡಿಸದೆ ವಾಲ್ವ್ ಆಂಪ್ಲಿಫೈಯರ್ ನಡೆಸಿದರೆ ಅದರೊಳಗಿನ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಇನ್ನೊಂದು ಮಾತು, ಮಕ್ಕಳಿಗೂ ಅಜ್ಜಂದಿರಿಗೂ: ಆಂಪ್ಲಿಫೈಯರಿನ ತಳ ಬಿಚ್ಚಲೇಬೇಡಿ. ಒಳಗೆ 300 ವೋಲ್ಟ್ ಆಸುಪಾಸಿನ, ಕೆಲವದರಲ್ಲಿ ಇನ್ನೂ ಹೆಚ್ಚಿನ ವಿದ್ಯುತ್ತು ಇರುತ್ತದೆ. ಪ್ಲಗ್ ಕಿತ್ತ ಮೇಲೂ ಅದು ಕೆಪಾಸಿಟರುಗಳಲ್ಲಿ ಅವಿತು ಕೂತಿರುತ್ತದೆ, ಜೀವ ತೆಗೆಯುವಷ್ಟು. ಅದು ಬಲ್ಲವರ ಕೆಲಸ.

ಎಡದ ವಯರು ಬಲದ ಪೆಟ್ಟಿಗೆಗೆ, ಬಲದ್ದು ಎಡಕ್ಕೆ. ಆಂಪ್ಲಿಫೈಯರ್ ತಪ್ಪಿತಸ್ಥನಾಗಿದ್ದರೆ ಈಗ ಬಲದ ಪೆಟ್ಟಿಗೆ ಮಂಕಾಗಬೇಕು. "ಇಲ್ಲ ತಾತ, ಎಡಗಡೆದೇ!" ಅಲ್ಲಿಗೆ ವಾಲ್ವುಗಳು ನಿರಪರಾಧಿಗಳು. ಕಣ್ಣಿಗೆ ಕಾಣುವಂತೆ ಹೊಳೆಯುತ್ತವಲ್ಲ, ಪಾಪ, ದೂರೆಲ್ಲ ಅವುಗಳ ಮೇಲೆಯೇ.

ಸ್ಪೀಕರ್ ಪೆಟ್ಟಿಗೆಯಲ್ಲಿ ದಪ್ಪ ದನಿಗೊಂದು ದೊಡ್ಡ ಸ್ಪೀಕರು, ಸಣ್ಣ ದನಿಗೆ ಟ್ವೀಟರ್ ಎಂಬ ಪುಟ್ಟದು ಇರುತ್ತವೆ. ಮೊಮ್ಮಗಳು ಟ್ವೀಟರಿಗೆ ಕಿವಿಯಿಟ್ಟು "ಇದು ಪಿಸುಗುಡ್ತಿದೆ ಅಷ್ಟೇ" ಎಂದಳು. ವಯರು ಬಿಡಿಸಿ ಪೆಟ್ಟಿಗೆ ಮಾತ್ರ ತೆರೆದೆವು. ಟ್ವೀಟರಿನ ದಾರಿಯಲ್ಲಿ ಒಂದು ಪುಟ್ಟ ಕೆಪಾಸಿಟರ್ ಕಾವಲುಗಾರನಂತೆ ಕೂತಿರುತ್ತದೆ. ದಪ್ಪ ದನಿಯನ್ನು ತಡೆದು ಸಣ್ಣದನ್ನು ಮಾತ್ರ ಒಳಗೆ ಬಿಡುತ್ತದೆ. ಹಳೆಯ ಪೆಟ್ಟಿಗೆಗಳಲ್ಲಿ ಇದು ವರ್ಷ ಕಳೆದಂತೆ ಒಣಗಿ, ಸಣ್ಣ ದನಿಯನ್ನೂ ತಡೆಯತೊಡಗುತ್ತದೆ. ಅದೇ ಅಳತೆಯ, ಧನ-ಋಣದ ಭೇದವಿಲ್ಲದ ಜಾತಿಯದ್ದನ್ನೇ ತಂದು ಬೆಸುಗೆ ಹಾಕಿದೆ. ಬಲದ್ದಕ್ಕೂ ಅದೇ ವಯಸ್ಸು, ಅದನ್ನೂ ಬದಲಿಸಿದೆ. ವಾಲ್ವಿನ ಬೆಲೆಗೆ ಹೋಲಿಸಿದರೆ ಕಾಫಿ ಖರ್ಚು.

ಭಜನೆ ಹಾಕಿದೆವು. ಮೊಮ್ಮಗಳು ಕುಣಿದಳು. "ತಾಳ ಎಷ್ಟು ಚೆನ್ನಾಗಿ ಕೇಳ್ತಿದೆ!"

ನನಗೆ ಮೊದಲಿನಂತೆಯೇ ಇತ್ತು.

ಅವಳು ಸುಮ್ಮನಿರಲಿಲ್ಲ. ಅಮ್ಮನ ಮೊಬೈಲಿನಲ್ಲಿ ಶಬ್ದ ಪರೀಕ್ಷಿಸುವ ಆಟವೊಂದಿತ್ತು. ಚಿಕ್ಕ ಮಕ್ಕಳ ಕಿವಿಗೆ ಸೆಕೆಂಡಿಗೆ 20ರಿಂದ ಸುಮಾರು 20,000 ಕಂಪನಗಳವರೆಗೂ ಕೇಳಬಲ್ಲದು. ವಯಸ್ಸಾದಂತೆ ಮೇಲಿನ ತುದಿಯಿಂದ ಸವೆಯುತ್ತಾ ಬರುತ್ತದೆ, ನಮಗೆ ತಿಳಿಯದಂತೆಯೇ. 5,000ಕ್ಕೇ ನಾನು "ಶುರು ಮಾಡು ಪುಟ್ಟೀ" ಎನ್ನುತ್ತಿದ್ದೆ. ಅವಳು ಕಿವಿ ಮುಚ್ಚಿಕೊಂಡಿದ್ದಳು.

ಆಗ ಒಂದೊಂದೇ ನೆನಪಾಯಿತು. ಸೊಪ್ಪು ತನ್ನಿ ಎಂದರೆ ನಾನು ಉಪ್ಪು ತಂದದ್ದು, ಮನೆಯಾಕೆ ಗೊಣಗುತ್ತಾಳೆಂದು ನಾನು ಸಿಡುಕಿದ್ದು. 'ಸ', 'ಶ' ಇವೆಲ್ಲ ಮೇಲಿನ ತುದಿಯ ದನಿಗಳೇ. ಔಷಧ ಹೊಡೆದು ಹೊಡೆದು ಊರಲ್ಲಿ ಜೀರುಂಡೆಗಳೇ ಇಲ್ಲವಾದವು ಎಂದು ಎರಡು ವರ್ಷದಿಂದ ಬಂದವರಿಗೆಲ್ಲ ಹೇಳುತ್ತಿದ್ದೆ. ಆ ಸಂಜೆ ಜಗಲಿಯಲ್ಲಿ ಮೊಮ್ಮಗಳನ್ನು ಕೇಳಿದೆ.

"ಇವೆಯಲ್ಲ ತಾತ, ಈಗಲೂ ಕೂಗ್ತಿವೆ" ಎಂದಳು. ಎಷ್ಟಿವೆ, ಯಾವ ಕಡೆ ಎಂದು ಕೈ ತೋರಿಸಿದಳು. ಮಳೆ ನಿಂತಿತ್ತು. ಆ ದಿಕ್ಕಿಗೆ ತಿರುಗಿ ಸ್ವಲ್ಪ ಹೊತ್ತು ಕೂತಿದ್ದೆ.

ಮಾರನೆಯ ವಾರ ಕಿವಿ ಡಾಕ್ಟರಲ್ಲಿಗೆ ಹೋದೆ. ಗುಗ್ಗೆ ತೆಗೆದರು, ಪರೀಕ್ಷೆ ಮಾಡಿದರು, ಕಿವಿಗೊಂದು ಯಂತ್ರ ಹಾಕಿದರೆ ಉಪಯೋಗವಾದೀತು ಎಂದರು. ಅಳತೆ ಕೊಟ್ಟು ಬಂದಿದ್ದೇನೆ. ಅದು ಬರುವವರೆಗೆ ಟ್ರೆಬಲ್ ಗುಂಡಿ ಪೂರ್ತಿ ಬಲಕ್ಕಿದೆ, ಪೇಟೆಯ ಸಾಮಾನಿನ ಪಟ್ಟಿ ಚೀಟಿಯಲ್ಲಿ ಬರೆದು ಕೈಗೆ ಬರುತ್ತಿದೆ.